ಮೂರನೆಯ ಹಸು

ಪಟ್ಟಣದ ನಮ್ಮ ಮನೆಗಳಿಗೆ ಬೆಳಗಿನ ಹಾಲು ಈಗ ಪ್ಲಾಸ್ಟಿಕ್ ಪೊಟ್ಟಣದಲ್ಲಿ ಬರುತ್ತದೆ. ಹಿಂದೆ ಅದು ವರ್ತನೆಯ ಹೆಂಗಸಿನ ಹಿತ್ತಾಳೆಯ ಚೊಂಬಿನಲ್ಲಿ ಬರುತ್ತಿತ್ತು. ಅವಳ ಹಸುವಿನ ಬಣ್ಣ, ಅದು ಕರು ಹಾಕಿದ ತಿಂಗಳು, ಹಾಲಿಗೆ ಅವಳು ಬೆರೆಸುತ್ತಿದ್ದ ನೀರಿನ ಅಳತೆ, ಎಲ್ಲವೂ ಮನೆಯ ಯಜಮಾನಿತಿಗೆ ಗೊತ್ತಿರುತ್ತಿತ್ತು. ಪೊಟ್ಟಣದ ಹಾಲಿಗೆ ಅಂಥ ಮುಖವಿಲ್ಲ. ಅದರ ಹಿಂದೆ ಎಷ್ಟು ಕೊಟ್ಟಿಗೆಗಳು, ಎಷ್ಟು ಲೆಕ್ಕಾಚಾರಗಳು, ಎಷ್ಟು ಸಾಲದ ಕಂತುಗಳು ಇವೆಯೆಂಬುದು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಆ ಲೆಕ್ಕಾಚಾರಗಳಲ್ಲಿ ಒಂದನ್ನು ಕುರಿತು ಈ ಹೊತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಒಂದೆರಡು ಹಸು ಕಟ್ಟಿಕೊಂಡಿರುವ ಸಣ್ಣ ಹಿಡುವಳಿಯ ಕುಟುಂಬ ಇನ್ನೊಂದು ಹಸುವಿಗೆ ಹಣ ಹಾಕಬೇಕೋ ಬೇಡವೋ ಎಂಬುದನ್ನು ಹೇಗೆ ತೀರ್ಮಾನಿಸುತ್ತದೆ? ಆ ತೀರ್ಮಾನದಲ್ಲಿ ಹಾಲು ಕೊಳ್ಳುವವರ ಪಾಲು ಎಷ್ಟು?

ಪ್ರಶ್ನೆ ನನ್ನದಲ್ಲ. ನಂಜನಗೂಡು ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ಬೆಳಗಿನ ಆರು ಗಂಟೆಗೆ, ಹಾಲು ಉತ್ಪಾದಕರ ಸಂಘದ ಮುಂದೆ ಸಾಲಿನಲ್ಲಿ ನಿಂತಿದ್ದ ಒಬ್ಬ ಹೆಣ್ಣುಮಗಳಿಂದ ಅದು ನನಗೆ ದೊರೆಯಿತು. ಆಕೆಗೆ ಎರಡು ಸೀಮೆಹಸುಗಳಿವೆ. ಕೊಟ್ಟಿಗೆಯಲ್ಲಿ ಮೂರನೆಯದಕ್ಕೆ ಜಾಗವಿದೆ, ಗೂಟವನ್ನೂ ನೆಟ್ಟಾಗಿದೆ. ಬ್ಯಾಂಕಿನವರು ಸಾಲ ಕೊಡುತ್ತೇವೆಂದಿದ್ದಾರೆ. ಆದರೂ ಆ ಗೂಟ ಒಂದು ವರ್ಷದಿಂದ ಬರಿದಾಗಿಯೇ ನಿಂತಿದೆ. ಏಕೆ ತಾಯಿ ಎಂದು ಕೇಳಿದೆ. "ಹಸ ತರೋದೇನು ದೊಡ್ಡದಲ್ಲ ಸಾರ್, ತಂದ್ಮೇಲೆ ಅದು ದಿನಾ ತಿಂತದೆ. ಡೈರಿಯೋರು ರೇಟು ಇಳಿಸ್ಬುಟ್ರೆ ಹಸ ತಿನ್ನೋದ ಇಳಿಸ್ತದಾ?" ಎಂದಳು. ಅರ್ಥಶಾಸ್ತ್ರದ ಗ್ರಂಥಗಳಲ್ಲಿ ಹತ್ತಾರು ಪುಟ ಹಿಡಿಯುವ ವಿಷಯವನ್ನು ಆಕೆ ಎರಡು ವಾಕ್ಯದಲ್ಲಿ ಮುಗಿಸಿದ್ದಳು. ಮುಂದೆ ನಾನು ಹೇಳುವುದೆಲ್ಲ ಆ ಮಾತಿನ ವ್ಯಾಖ್ಯಾನವೇ.

ಹಸುವನ್ನು ಏತಕ್ಕಾಗಿ ಸಾಕಬೇಕೆಂಬುದನ್ನು ಕೊಳ್ಳುವವನೇ ನಿರ್ಧರಿಸುವುದು ಈ ಸೀಮೆಗೆ ಹೊಸದೇನಲ್ಲ. ತಿರುಮಕೂಡಲು ನರಸೀಪುರದ ತಾಲ್ಲೂಕಿನಲ್ಲಿ, ತಲಕಾಡಿನ ಸಮೀಪ, ಮುಡುಕುತೊರೆಯ ದನಗಳ ಜಾತ್ರೆಯನ್ನು ನೋಡಿದವರಿಗೆ ಇದು ಸುಲಭವಾಗಿ ತಿಳಿದೀತು. ಅಲ್ಲಿಗೆ ಬರುತ್ತಿದ್ದ ಗಿರಾಕಿ ಹಾಲು ಕೇಳುತ್ತಿರಲಿಲ್ಲ, ಜೋಡಿ ಎತ್ತು ಕೇಳುತ್ತಿದ್ದ. ಬಣ್ಣ ಹೊಂದಬೇಕು, ಕೊಂಬು ಹೊಂದಬೇಕು, ನಡಿಗೆ ಹೊಂದಬೇಕು. ಆದುದರಿಂದ ಹಳ್ಳಿಕಾರ್ ಹಸುವನ್ನು ಕಟ್ಟಿದ ರೈತನ ಬಂಡವಾಳವೆಲ್ಲ ಗಂಡುಕರುವಿನ ಮೇಲೆ. ಹಸುವಿನ ಕೆಚ್ಚಲಲ್ಲಿದ್ದ ಒಂದೆರಡು ಸೇರು ಹಾಲಿನಲ್ಲಿ ಹೆಚ್ಚು ಪಾಲು ಕರುವಿನದು, ಉಳಿದದ್ದು ಮನೆಯ ಮಜ್ಜಿಗೆಗೆ. ಚಿಕ್ಕದೇವರಾಜ ಒಡೆಯರು ಹದಿನೇಳನೆಯ ಶತಮಾನದಲ್ಲಿ ಸ್ಥಾಪಿಸಿದ 'ಬೆಣ್ಣೆ ಚಾವಡಿ'ಗೆ ಹೆಸರು ಬೆಣ್ಣೆಯದಾದರೂ, ಮುಂದೆ ಅಮೃತಮಹಲ್ ಎಂದು ಪ್ರಸಿದ್ಧವಾದ ಆ ಹಿಂಡುಗಳ ಕೀರ್ತಿ ನಿಂತದ್ದು ಫಿರಂಗಿ ಎಳೆಯುವ ಎತ್ತುಗಳಿಂದ.

ಹಾಗೆಂದು ಹಾಲಿಗೆ ಗಿರಾಕಿಯೇ ಇರಲಿಲ್ಲವೆಂದಲ್ಲ. ನಂಜನಗೂಡು, ನರಸೀಪುರ, ಬನ್ನೂರುಗಳಂಥ ಪೇಟೆಗಳ ಅಂಚಿನಲ್ಲಿದ್ದವರು ವರ್ತನೆಯ ಹಾಲು ಹಾಕುತ್ತಿದ್ದರು. ಐದಾರು ಮೈಲಿ ಒಳಗಿನ ಹಳ್ಳಿಗಳಿಗೆ ಆ ಭಾಗ್ಯವಿರಲಿಲ್ಲ. ಅಲ್ಲಿ ಹಾಲು ಬೆಣ್ಣೆಯಾಗಿ, ತುಪ್ಪವಾಗಿ, ವಾರದ ಸಂತೆಗೆ ಹೋಗಬೇಕು. ಸಂತೆಯಲ್ಲಿ ವರ್ತಕ ಹೇಳಿದ್ದೇ ಬೆಲೆ. ಹೋಟೆಲಿನವನೊಬ್ಬ ಗಿರಾಕಿಯಾಗಿ ಸಿಕ್ಕರೆ ಅದೃಷ್ಟ. ಆದರೆ ಅವನು ಹಬ್ಬ ಹರಿದಿನದಲ್ಲಿ ಹೆಚ್ಚು ಕೇಳುವನು, ಬೇರೆ ದಿನ ಬೇಡವೆನ್ನುವನು. ಇಂಥ ಗಿರಾಕಿಯನ್ನು ನಂಬಿ ಯಾರೂ ಹಸುವಿಗೆ ಹಣ ಹೂಡಲಾರರು. ಎರಡನೆಯ ಹಸು ಬೇಕೆಂದರೆ ಉಳ್ಳವರ ಕರುವನ್ನು ವಾರಕ್ಕೆ ತಂದು ಸಾಕಿ ಪಾಲು ಹಂಚಿಕೊಳ್ಳುವ ಪದ್ಧತಿಯೊಂದಿತ್ತು. ಅದರಲ್ಲಿ ಸಾಕಿದವನ ಶ್ರಮವಿತ್ತೇ ಹೊರತು ಬಂಡವಾಳವಿರಲಿಲ್ಲ.

ಈ ಸ್ಥಿತಿ ಬದಲಾದದ್ದು 1974ರಿಂದ ಈಚೆಗೆ. ವಿಶ್ವಬ್ಯಾಂಕಿನ ಸಾಲದ ನೆರವಿನಿಂದ ಕರ್ನಾಟಕ ಹೈನು ಅಭಿವೃದ್ಧಿ ಯೋಜನೆ ಆಗ ಹಳೆಯ ಮೈಸೂರಿನ ಜಿಲ್ಲೆಗಳಲ್ಲಿ ಆರಂಭವಾಯಿತು. ಹಳ್ಳಿಗೊಂದು ಸಂಘ, ಸಂಘಗಳಿಗೊಂದು ಒಕ್ಕೂಟ. 1984ರಲ್ಲಿ ಒಕ್ಕೂಟಗಳ ಮೇಲೆ ಕರ್ನಾಟಕ ಹಾಲು ಮಹಾಮಂಡಳಿ. ಇದರ ಮಾದರಿ ಗುಜರಾತಿನ ಆಣಂದದ್ದು. ಅಲ್ಲಿನ ಕತೆ ನಮ್ಮ ವಿಷಯಕ್ಕೆ ತೀರ ಹತ್ತಿರದ್ದಾದ್ದರಿಂದ ಎರಡು ಮಾತು ಹೇಳುತ್ತೇನೆ. 1945ರಲ್ಲಿ ಮುಂಬಯಿ ನಗರಕ್ಕೆ ಹಾಲು ಒದಗಿಸುವ ಏರ್ಪಾಡಿನಲ್ಲಿ ಖೇಡಾ ಜಿಲ್ಲೆಯ ಹಾಲು ಪೋಲ್ಸನ್ ಎಂಬ ಒಂದೇ ಕಂಪನಿಯ ಕೈ ಸೇರಿತು. ಕೊಳ್ಳುವವನು ಒಬ್ಬನೇ ಆದಾಗ ಮಾರುವವರ ಗತಿ ಏನಾಗುತ್ತದೆಂಬುದು ರೈತರಿಗೆ ಬೇಗನೆ ತಿಳಿಯಿತು. 1946ರಲ್ಲಿ ಅವರು ಹದಿನೈದು ದಿನ ಹಾಲನ್ನೇ ಕೊಡದೆ ನಿಂತರು. ಸರ್ದಾರ್ ಪಟೇಲರ ಸಲಹೆಯಂತೆ ತಮ್ಮದೇ ಸಹಕಾರಿ ಒಕ್ಕೂಟವನ್ನು ಕಟ್ಟಿಕೊಂಡರು. ಕೊಳ್ಳುವವನ ಸ್ಥಾನದಲ್ಲಿ ತಾವೇ ಕುಳಿತುಕೊಳ್ಳುವುದು ಅವರು ಕಂಡುಕೊಂಡ ಉಪಾಯ. ಆ ಉಪಾಯ ನಮ್ಮ ಕಪಿಲಾ ತೀರಕ್ಕೆ ಬರಲು ಸುಮಾರು ಮೂವತ್ತು ವರ್ಷ ಹಿಡಿಯಿತು.

ಸಂಘ ಬಂದ ಮೇಲೆ ಬೆಲೆ ಏರಿತೆಂಬುದು ಸಾಮಾನ್ಯವಾಗಿ ಕೇಳುವ ಮಾತು. ಅದು ನಿಜವೂ ಹೌದು. ಆದರೆ ನನ್ನ ದೃಷ್ಟಿಯಲ್ಲಿ ಅದಕ್ಕಿಂತ ಮುಖ್ಯವಾದದ್ದು ಬೇರೆ. ತಂದ ಹಾಲು ಅಳತೆಗೆ ಸರಿಯಿದ್ದರೆ, ಎಷ್ಟೇ ಇರಲಿ, ಬೆಳಗ್ಗೆ ಸಂಜೆ ಎರಡು ಹೊತ್ತೂ ತೆಗೆದುಕೊಳ್ಳುತ್ತಾರೆಂಬ ಭರವಸೆ. ಮೊದಲು ಸಂಜೆಯ ಹಾಲಿಗೆ ಬೆಲೆಯೇ ಇರಲಿಲ್ಲ, ರಾತ್ರಿ ಕಳೆಯುವಷ್ಟರಲ್ಲಿ ಅದು ಕೆಡುತ್ತಿತ್ತು. ಸಂಘಗಳಿಗೆ ಲಾರಿ ಬಂದಿತು, ಮುಂದೆ ಊರೂರಿನ ನಡುವೆ ಹಾಲನ್ನು ತಣ್ಣಗೆ ಇಡುವ ಶೀತಲೀಕರಣ ಕೇಂದ್ರಗಳು ಬಂದವು. ಹಸು ಮೊದಲಿನಂತೆಯೇ ಎರಡು ಹೊತ್ತು ಕರೆಯುತ್ತಿದ್ದರೂ ಈಗ ಎರಡು ಹೊತ್ತಿಗೂ ಹಣ ಹುಟ್ಟಿತು. ಹೆಚ್ಚು ಕರೆಯುವ ಹಸುವನ್ನು ತಂದರೆ ನಷ್ಟವಿಲ್ಲವೆಂಬ ಧೈರ್ಯ ರೈತನಿಗೆ ಬಂದದ್ದು ಆಗ. ಸೀಮೆಹಸುವಿನ ವೀರ್ಯದಿಂದ ಕೃತಕ ಗರ್ಭಧಾರಣೆ ಮಾಡಿಸುವುದು, ಪಶು ಆಹಾರದ ಮೂಟೆಯನ್ನು ಸಂಘದಿಂದಲೇ ಪಡೆಯುವುದು, ಹಸುವಿಗೆ ವಿಮೆ ಇಳಿಸುವುದು, ಇವೆಲ್ಲ ಆ ಧೈರ್ಯದ ಹಿಂದೆ ಬಂದವು.

ಎರಡನೆಯದು ಬಟವಾಡೆ. ವಾರಕ್ಕೊಮ್ಮೆಯೋ ಹದಿನೈದು ದಿನಕ್ಕೊಮ್ಮೆಯೋ ಸಂಘದಲ್ಲಿ ಹಾಲಿನ ಹಣ ಬರುತ್ತದೆ. ಭತ್ತ ಬೆಳೆದವನಿಗೆ ವರ್ಷಕ್ಕೆ ಒಂದೆರಡು ಸಲ ಹಣದ ಮುಖ ಕಾಣುತ್ತದೆ. ಕಬ್ಬು ಬೆಳೆದವನು ತೂಕದ ಚೀಟಿ ಹಿಡಿದು ಕಾಯಬೇಕು. ರೇಷ್ಮೆ ಸಾಕಿದವನಿಗೆ ಕೈಗೆ ಬೇಗ ಹಣ ಬಂದರೂ, ಗೂಡು ಮಾರುಕಟ್ಟೆಯ ಹರಾಜಿನಲ್ಲಿ ಆ ದಿನ ಏನು ಕೂಗುವರೋ ಅದೇ ಅವನ ಹಣೆಬರಹ. ರೇಷ್ಮೆಯ ನೂಲು ತೆಗೆಯುವ ಸರ್ಕಾರಿ ಕಾರ್ಖಾನೆ ಇರುವ ನರಸೀಪುರದಲ್ಲಿ ಈ ಮಾತನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಹಾಲಿನ ಹಣ ಸಣ್ಣದು, ಆದರೆ ತಪ್ಪದೆ ಬರುವಂಥದು. ಹೀಗೆ ತಪ್ಪದೆ ಬರುವ ಹಣವನ್ನು ಕಂಡೇ ಬ್ಯಾಂಕು ಸಾಲ ಕೊಡುತ್ತದೆ. ಹಸುವಿನ ಸಾಲದ ಕಂತನ್ನು ಸಂಘ ಬಟವಾಡೆಯಲ್ಲಿ ಮುರಿದುಕೊಂಡು ಬ್ಯಾಂಕಿಗೆ ಕಟ್ಟುವ ಏರ್ಪಾಡಿದ್ದರಂತೂ ಅಡವಿಡಲು ಜಮೀನಿಲ್ಲದವರಿಗೂ ಹಸು ಬರುತ್ತದೆ. ಕೊಳ್ಳುವವನ ದಫ್ತರವೇ ಅವರ ಪಹಣಿ.

ಹೊರನಾಡಿನ ವಿದ್ವಾಂಸರೂ ಇದನ್ನು ಗಮನಿಸಿದ್ದಾರೆ. 1989ರ ನಂತರ ಪೋಲೆಂಡ್ ದೇಶದಲ್ಲಿ ಸಮಾಜವಾದಿ ವ್ಯವಸ್ಥೆ ಹೋಗಿ ಮಾರುಕಟ್ಟೆ ಬಂದಾಗ, ಕೆಲವೇ ಹಸುಗಳ ಸಣ್ಣ ರೈತರು ಅಳಿದೇ ಹೋಗುವರೆಂದು ಹಲವರು ಭಾವಿಸಿದ್ದರು. ಅಲ್ಲಿನ ಈಶಾನ್ಯ ಭಾಗವನ್ನು ಅಧ್ಯಯನ ಮಾಡಿ ಡ್ರೀಸ್ ಮತ್ತು ಸ್ವಿನ್ನೆನ್ ಎಂಬ ಇಬ್ಬರು 2004ರಲ್ಲಿ ಪ್ರಕಟಿಸಿದ ಲೇಖನ ಬೇರೆಯೇ ಚಿತ್ರ ಕೊಟ್ಟಿತು. ಹಾಲು ಕೊಳ್ಳುವ ಡೈರಿಗಳೇ ರೈತರಿಗೆ ಮೇವು ಒದಗಿಸಿ, ಹಾಲು ತಂಪಿಡುವ ತೊಟ್ಟಿಗೆ ಸಾಲ ಕೊಟ್ಟು, ಬ್ಯಾಂಕಿಗೆ ಜಾಮೀನು ನಿಂತು, ಸಣ್ಣವರನ್ನೂ ಉಳಿಸಿಕೊಂಡಿದ್ದವು. ಇದರಲ್ಲಿ ಧರ್ಮವೇನೂ ಇಲ್ಲ, ಡೈರಿಗೆ ಒಳ್ಳೆಯ ಹಾಲು ಬೇಕಿತ್ತು. ನಮ್ಮ ದೇಶದಲ್ಲೇ ನೆಸ್ಲೆ ಕಂಪನಿ 1961ರಲ್ಲಿ ಪಂಜಾಬಿನ ಮೋಗಾದಲ್ಲಿ ಕಾರ್ಖಾನೆ ತೆರೆದು ಸುತ್ತಲಿನ ರೈತರಿಂದ ಹಾಲು ಕೊಳ್ಳತೊಡಗಿದಾಗ ಅಲ್ಲಿನ ಎಮ್ಮೆ ಹಸುಗಳ ಲೆಕ್ಕವೇ ಬದಲಾಯಿತು. ಅದೇ ಕಂಪನಿ 1989ರಲ್ಲಿ ನಮ್ಮ ನಂಜನಗೂಡಿಗೂ ಬಂದಿತು; ಬಂದದ್ದು ಕಾಫಿಗಾಗಿ. ಕಾಫಿ ಬೆಳೆಯುವುದು ಕೊಡಗಿನಲ್ಲಿ, ಚಿಕ್ಕಮಗಳೂರಿನಲ್ಲಿ. ಹೀಗಾಗಿ ಕಾರ್ಖಾನೆಯ ಕಾಂಪೌಂಡಿನ ಆಚೆಗಿನ ಕೊಟ್ಟಿಗೆಗೆ ಅದು ಗಿರಾಕಿಯಾಗಿ ಬರಲಿಲ್ಲ.

ಇನ್ನು ಅಳತೆಯ ವಿಷಯ. ಹಾಲನ್ನು ಹೇಗೆ ಅಳೆಯುತ್ತಾರೆಂಬುದು ತೀರ ತಾಂತ್ರಿಕವಾದ ಸಂಗತಿಯೆಂದು ಕೇಳುಗರಿಗೆ ಅನ್ನಿಸಬಹುದು. ಆದರೆ ಕೊಟ್ಟಿಗೆಯ ರೂಪವನ್ನು ಇದರಷ್ಟು ಬದಲಾಯಿಸಿದ್ದು ಬೇರೊಂದಿಲ್ಲ. ಬರಿಯ ಪಾವು ಸೇರಿನ ಲೆಕ್ಕವಿದ್ದಾಗ ಹಾಲನ್ನು ಹೆಚ್ಚಿಸುವ ಅತಿ ಸುಲಭದ ಉಪಾಯ ಬಾವಿಯಲ್ಲಿತ್ತು. ಸಂಘದಲ್ಲಿ ಮೊದಲು ಹಾಲಿಗೆ ಆಮ್ಲ ಬೆರೆಸಿ, ಗಾಜಿನ ನಳಿಕೆಯಲ್ಲಿ ಗಿರಗಿರನೆ ತಿರುಗಿಸಿ, ಮೇಲೆ ನಿಂತ ಜಿಡ್ಡನ್ನು ಅಳೆಯುತ್ತಿದ್ದರು. ಈಗ ವಿದ್ಯುತ್ ಯಂತ್ರ ಅರೆ ನಿಮಿಷದಲ್ಲಿ ಅಂಕಿ ತೋರಿಸುತ್ತದೆ. ಜಿಡ್ಡು ಎಷ್ಟು, ಜಿಡ್ಡಲ್ಲದ ಘನಪದಾರ್ಥ ಎಷ್ಟು, ಇವೆರಡನ್ನೂ ದರಪಟ್ಟಿಯಲ್ಲಿ ಕೂಡಿಸಿ ಬೆಲೆ. ಹಸುವಿನ ಹಾಲಿನಲ್ಲಿ ನೂರಕ್ಕೆ ಮೂರೂವರೆ ಭಾಗ ಜಿಡ್ಡು, ಎಂಟೂವರೆ ಭಾಗ ಇತರ ಘನಪದಾರ್ಥ ಎಂಬುದು ಬಹುಕಾಲದಿಂದ ನಡೆದುಬಂದ ಮಟ್ಟ. ಅದಕ್ಕಿಂತ ಇಳಿದರೆ ಬೆಲೆಯೂ ಇಳಿಯುತ್ತದೆ, ತೀರ ಇಳಿದರೆ ಕ್ಯಾನು ಹಾಗೆಯೇ ಮನೆಗೆ ಹಿಂದಿರುಗುತ್ತದೆ.

ಈ ಅಂಕಿಗಳನ್ನು ಹಿಂಬಾಲಿಸಿ ಹೋದರೆ ಹಸುವಿನ ಹೊಟ್ಟೆಗೆ ಬರುತ್ತೇವೆ. ಹಿಂಡಿ ಬೂಸವನ್ನೇ ಹೆಚ್ಚು ತಿನ್ನಿಸಿ ನಾರಿನ ಮೇವನ್ನು ಕಡಿಮೆ ಮಾಡಿದರೆ ಹಾಲು ಹೆಚ್ಚಬಹುದು, ಜಿಡ್ಡು ಇಳಿಯುತ್ತದೆ. ಒಣಹುಲ್ಲು, ಹಸಿಹುಲ್ಲು, ಹಿಂಡಿ, ಮೂರೂ ಹದವಾಗಿ ಬೀಳಬೇಕು. ಇಲ್ಲಿ ಎರಡು ತಾಲ್ಲೂಕುಗಳ ವ್ಯತ್ಯಾಸ ಕಾಣುತ್ತದೆ. ಕಾವೇರಿ ಕಪಿಲೆಯರ ಸಂಗಮದ ನರಸೀಪುರದಲ್ಲಿ ನಾಲೆಯ ಬಯಲುಗಳಿವೆ. ಭತ್ತದ ಹುಲ್ಲಿನ ಮೆದೆ ಮನೆ ಹಿಂದೆಯೇ ಇರುತ್ತದೆ, ಬದುವಿನಲ್ಲಿ ಹಸಿಹುಲ್ಲು ಸಿಗುತ್ತದೆ. ಅಲ್ಲಿಯವರು ಹಣ ಹಾಕುವುದು ಹಸುವಿಗೇ. ನಂಜನಗೂಡಿನಲ್ಲೂ 1974ರಲ್ಲಿ ಪೂರ್ಣಗೊಂಡ ಕಬಿನಿ ಜಲಾಶಯದ ನೀರು ಹರಿದ ಊರುಗಳು ಹಾಗೆಯೇ ಇವೆ. ಆದರೆ ನಾಲೆ ಮುಟ್ಟದ ಕೆಂಪುನೆಲದ ಊರುಗಳಲ್ಲಿ ರಾಗಿ ಹುಲ್ಲು, ಜೋಳದ ಕಡ್ಡಿ ಮುಗಿದರೆ ಬೇಸಗೆಯಲ್ಲಿ ಮೇವನ್ನು ದುಡ್ಡು ಕೊಟ್ಟೇ ತರಬೇಕು. ಅಂಥಲ್ಲಿ ಮೂರನೆಯ ಹಸುವೆಂದರೆ ಹಸುವಿನ ಬೆಲೆಯಷ್ಟೇ ಅಲ್ಲ. ಕೊಳವೆಬಾವಿ, ಕಾಲೆಕರೆ ಸೀಮೆಹುಲ್ಲು, ಹುಲ್ಲು ಕತ್ತರಿಸುವ ಯಂತ್ರ, ಎಲ್ಲವೂ ಸೇರಿದ ಬೆಲೆ. ಡೈರಿಯ ದರಪಟ್ಟಿ ಎರಡೂ ಕಡೆಗೆ ಒಂದೇ.

ಈಗ ಆ ಹೆಣ್ಣುಮಗಳ ಮಾತಿಗೆ ಬರೋಣ. ಮೊದಲನೆಯ ಹಸು ಮನೆಯ ಹಾಲಿಗೂ ಕೈಖರ್ಚಿಗೂ ಆಯಿತು. ಹಸು ಮುಂದಿನ ಕರು ಹಾಕುವ ಮುಂಚೆ ಎರಡು ತಿಂಗಳು ಬತ್ತಿಸಬೇಕು. ಆ ಎರಡು ತಿಂಗಳು ಬಟವಾಡೆ ನಿಲ್ಲುತ್ತದೆ, ಕಂತು ನಿಲ್ಲುವುದಿಲ್ಲ. ಆದುದರಿಂದ ಎರಡನೆಯ ಹಸು. ಒಂದು ಬತ್ತಿದಾಗ ಇನ್ನೊಂದು ಕರೆಯುತ್ತಿರುತ್ತದೆ. ಎರಡನೆಯದರವರೆಗೆ ಇದು ಸಂಸಾರದ ಲೆಕ್ಕ. ಮೂರನೆಯದರಿಂದ ವ್ಯಾಪಾರದ ಲೆಕ್ಕ ಆರಂಭವಾಗುತ್ತದೆ. ಮನೆಯವರ ಮೈದುಡಿಮೆ ಅಲ್ಲಿಗೆ ಸಾಲದು, ಹಿತ್ತಲ ಹುಲ್ಲೂ ಸಾಲದು. ಹಸುವನ್ನು ಕೊಳ್ಳದೆ ಮನೆಯ ಹೆಣ್ಣುಕರುವನ್ನೇ ಬೆಳೆಸುವೆನೆಂದರೆ ಅದು ಗಬ್ಬವಾಗಿ, ಕರು ಹಾಕಿ, ಮೊದಲ ಹಾಲು ಕ್ಯಾನಿಗೆ ಬೀಳುವ ಹೊತ್ತಿಗೆ ಹೆಚ್ಚುಕಡಿಮೆ ಮೂರು ವರ್ಷ. ಕೊಳ್ಳುವವನ ದರ ಬದಲಾಗುವುದಾದರೋ ತಿಂಗಳ ಲೆಕ್ಕದಲ್ಲಿ. ಮಳೆ ಬಿದ್ದು ಹಸಿರು ಬಂದು ಹಾಲು ಉಕ್ಕುವ ಕಾಲದಲ್ಲಿ ಪುಡಿಯೂ ಬೆಣ್ಣೆಯೂ ಗೋದಾಮಿನಲ್ಲಿ ಉಳಿಯುತ್ತವೆ. ಆಗ ಒಕ್ಕೂಟಗಳು ಲೀಟರಿಗೆ ಒಂದೆರಡು ರೂಪಾಯಿ ಇಳಿಸುವುದುಂಟು, ಬೇಸಗೆಗೆ ಏರಿಸುವುದುಂಟು. ಒಕ್ಕೂಟಕ್ಕೆ ಅದರದೇ ಕಷ್ಟವಿದೆ, ಒಪ್ಪೋಣ. ಆದರೆ ಹಸು ನಲ್ಲಿಯಲ್ಲ. ದರ ಇಳಿದ ತಿಂಗಳು ಅದನ್ನು ತಿರುಗಿಸಿ ನಿಲ್ಲಿಸಲು ಬರುವುದಿಲ್ಲ. ದರ ಇಳಿದಾಗ ಹಸುವನ್ನು ಮಾರೋಣವೆಂದರೆ, ಊರಿನವರೆಲ್ಲ ಅದೇ ದಿನ ಮಾರಲು ಹೊರಟಿರುತ್ತಾರೆ.

ಇದನ್ನು ಬಲ್ಲ ಸರ್ಕಾರ ದರದ ಮೇಲೆ ಪ್ರೋತ್ಸಾಹಧನ ಕೊಡತೊಡಗಿತು. 2008ರಲ್ಲಿ ಲೀಟರಿಗೆ ಎರಡು ರೂಪಾಯಿ, 2013ರಲ್ಲಿ ನಾಲ್ಕು, 2016ರಲ್ಲಿ ಐದು. ಅದು ನೇರವಾಗಿ ರೈತರ ಬ್ಯಾಂಕ್ ಖಾತೆಗೆ ಹೋಗುತ್ತದೆ. ಸಣ್ಣ ಮೊತ್ತವಲ್ಲ, ದಿನಕ್ಕೆ ಇಪ್ಪತ್ತು ಲೀಟರ್ ಹಾಕುವವರಿಗೆ ತಿಂಗಳಿಗೆ ಮೂರು ಸಾವಿರ ರೂಪಾಯಿ. ಆದರೆ ಈ ಹಣ ಎಷ್ಟೋ ಸಲ ತಿಂಗಳುಗಟ್ಟಲೆ ತಡವಾಗಿ ಬಂದಿದೆ. ನಾನು ಮಾತನಾಡಿಸಿದವರಲ್ಲಿ ಒಬ್ಬರೂ ಹಸು ಕೊಳ್ಳುವ ಲೆಕ್ಕದಲ್ಲಿ ಈ ಐದು ರೂಪಾಯಿಯನ್ನು ಸೇರಿಸುವುದಿಲ್ಲ. ಬಂದಾಗ ಮಗಳ ಓಲೆಗೋ, ಸೂರಿನ ಹೆಂಚಿಗೋ, ಹಳೆಯ ಕೈಸಾಲಕ್ಕೋ ಹೋಗುತ್ತದೆ. ಡೈರಿಯ ಒಂದು ರೂಪಾಯಿ ಕೊಟ್ಟಿಗೆಗೆ ಹೋಗುತ್ತದೆ, ಸರ್ಕಾರದ ಐದು ರೂಪಾಯಿ ಮನೆಗೆ ಹೋಗುತ್ತದೆ. ಎರಡೂ ಒಂದೇ ಟಂಕಸಾಲೆಯ ನಾಣ್ಯವಾದರೂ ಒಂದಕ್ಕೆ ದಿನ ಗೊತ್ತು, ಇನ್ನೊಂದಕ್ಕೆ ಗೊತ್ತಿಲ್ಲ. ಪ್ರೋತ್ಸಾಹಧನವನ್ನು ಏರಿಸಬೇಕೆಂಬ ಬೇಡಿಕೆ ಆಗಾಗ ಕೇಳಿಬರುತ್ತದೆ. ನನ್ನನ್ನು ಕೇಳಿದರೆ, ಇರುವುದನ್ನೇ ಬಟವಾಡೆಯ ದಿನ ಬಟವಾಡೆಯ ಜೊತೆಗೆ ಕೊಟ್ಟರೆ ಹೆಚ್ಚು ಹಸುಗಳು ಬಂದಾವು.

ಇದಕ್ಕೆ ಪ್ರತಿಯಾಗಿ, ಕೊಳ್ಳುವವರು ಮಾತು ಉಳಿಸಿಕೊಂಡ ಸಂದರ್ಭವನ್ನೂ ಹೇಳಬೇಕು. 2020ರ ಮಾರ್ಚಿಯಲ್ಲಿ ಮಹಾಮಾರಿಯ ದಿಗ್ಬಂಧನ ಬಂದಾಗ ಹೋಟೆಲು, ಕಲ್ಯಾಣಮಂಟಪ, ಸಿಹಿತಿಂಡಿಯ ಅಂಗಡಿ ಎಲ್ಲ ಮುಚ್ಚಿದವು. ಹಾಲು ಹೋಗುವ ದಾರಿಯೇ ಕಟ್ಟಿತು. ಖಾಸಗಿಯಾಗಿ ಹೋಟೆಲುಗಳಿಗೆ ಹಾಕುತ್ತಿದ್ದವರು ಹಾಲನ್ನು ಏನು ಮಾಡಬೇಕೆಂದು ತಿಳಿಯದೆ ಕುಳಿತರು. ಸಂಘಗಳು ಮಾತ್ರ ಹಾಲು ಹಿಡಿಯುವುದನ್ನು ಮುಂದುವರಿಸಿದವು. ಉಳಿದ ಹಾಲನ್ನು ಸರ್ಕಾರ ಕೊಂಡು ಏಪ್ರಿಲಿನಲ್ಲಿ ಬಡವರಿಗೆ ಉಚಿತವಾಗಿ ಹಂಚಿತು. 2013ರ ಆಗಸ್ಟಿನಿಂದ ಶಾಲೆಯ ಮಕ್ಕಳಿಗೆ ಹಾಲು ಕೊಡುವ ಕ್ಷೀರಭಾಗ್ಯ ಯೋಜನೆಯೂ ಇಂಥದೇ. ಅದರಿಂದ ಮಕ್ಕಳಿಗಾಗುವ ಉಪಕಾರ ಎಲ್ಲರಿಗೂ ಗೊತ್ತಿದೆ. ಉಕ್ಕಿದ ಹಾಲಿನ ಪುಡಿಗೆ ಅದು ಗೊತ್ತಾದ ಗಿರಾಕಿಯಾಯಿತೆಂಬುದು ಅಷ್ಟಾಗಿ ಯಾರ ಗಮನಕ್ಕೂ ಬಂದಿಲ್ಲ. ಶಾಲೆಯ ಲೋಟಕ್ಕೂ ಹಳ್ಳಿಯ ಬರಿಯ ಗೂಟಕ್ಕೂ ಹೀಗೊಂದು ನಂಟಿದೆ.

ಖಾಸಗಿ ಡೈರಿಗಳ ವಾಹನವೂ ಈಗ ಕೆಲವು ಊರುಗಳಿಗೆ ಬರುತ್ತದೆ. ಬೇಸಗೆಯಲ್ಲಿ ಒಂದು ರೂಪಾಯಿ ಹೆಚ್ಚು ಕೊಡುವವರೂ ಅವರಲ್ಲಿದ್ದಾರೆ. ಅದರಿಂದ ಸಂಘದ ದರಕ್ಕೂ ಒಂದು ಚುರುಕು ಮುಟ್ಟುವುದು ಒಳ್ಳೆಯದೇ. ಆದರೆ ಹೆಂಗಸರು ಹಾಲು ಹೊತ್ತು ತಂದು ನಿಲ್ಲುವ ಊರುಗಳಲ್ಲಿ ನಾನು ಕಂಡದ್ದೇನೆಂದರೆ, ಎರಡು ಹಸುಗಳ ಹಾಲಿನಲ್ಲಿ ಸ್ವಲ್ಪವನ್ನು ವಾಹನಕ್ಕೆ ಹಾಕಿದರೂ ಸಂಘದ ಪುಸ್ತಕವನ್ನು ಅವರು ಬಿಡುವುದಿಲ್ಲ. ಮಳೆಗಾಲ ಬಂದೇ ಬರುತ್ತದೆಂಬುದು ಅವರಿಗೆ ಗೊತ್ತು.

ಹಳೆಯ ಗಿರಾಕಿ ಹೋಗಿ ಹೊಸ ಗಿರಾಕಿ ಬಂದಾಗ ಕಳೆದುಹೋದದ್ದೂ ಉಂಟು. ಮುಡುಕುತೊರೆಯ ಗಿರಾಕಿಗೆ ಗಂಡುಕರುವೇ ಬಂಡವಾಳವಾಗಿತ್ತು. ಡೈರಿಯ ಗಿರಾಕಿಗೆ ಅದು ಬೇಡ. ಸೀಮೆಹಸುವಿನ ಗಂಡುಕರು ನೊಗಕ್ಕೂ ಒಗ್ಗದು, ಹೊಲಕ್ಕೆ ಟ್ರ್ಯಾಕ್ಟರ್ ಬಂದಾಗಿದೆ. ಅದು ಕುಡಿಯುವ ಪ್ರತಿ ಸೇರೂ ಕ್ಯಾನಿನಿಂದ ಕಳೆದಂತೆ. ಕೊಟ್ಟಿಗೆಯ ಮೂಲೆಯಲ್ಲಿ ಅದು ಬಡವಾಗಿ ನಿಂತಿರುವುದನ್ನು ನೋಡಿದರೆ, ಮನೆಯವರ ಮನಸ್ಸು ಕಲ್ಲಾಯಿತೆಂದು ನಾವು ಪಟ್ಟಣದಲ್ಲಿ ಕುಳಿತು ಹೇಳುವುದು ಸುಲಭ. ಆ ಕರುವನ್ನು ಲೆಕ್ಕದಿಂದ ಬಿಟ್ಟವರು ಮೊದಲು ನಾವು, ಪೊಟ್ಟಣ ಕೊಳ್ಳುವವರು. ಈಚೆಗೆ ಹೆಣ್ಣುಕರುವೇ ಹುಟ್ಟುವಂತೆ ಲಿಂಗ ಬೇರ್ಪಡಿಸಿದ ವೀರ್ಯವೂ ಬಂದಿದೆ. ಅದಕ್ಕೆ ಹಣ ಹೆಚ್ಚು. ಮೂರು ವರ್ಷದಾಚೆಗಿನ ಹಾಲಿನ ದರವನ್ನು ನಂಬಬಲ್ಲವರಿಗೆ ಮಾತ್ರ ಅದು.

2025ರ ಏಪ್ರಿಲ್ ಒಂದರಿಂದ ಮಹಾಮಂಡಳಿಯ ಹಾಲಿನ ಬೆಲೆ ಲೀಟರಿಗೆ ನಾಲ್ಕು ರೂಪಾಯಿ ಏರಿತು. ಏರಿದ್ದೆಲ್ಲ ರೈತರಿಗೇ ಸಲ್ಲಬೇಕೆಂದು ಸರ್ಕಾರ ಹೇಳಿತು. ಪಟ್ಟಣದ ನಾವು ಸ್ವಲ್ಪ ಗೊಣಗಿದೆವು. ಅದಾದ ಮೇಲೊಮ್ಮೆ ಆ ಊರಿನ ಹಾದಿಯಲ್ಲಿ ಹೋಗುತ್ತ ಸಂಘದ ಮುಂದೆ ಆಕೆಯನ್ನು ಮತ್ತೆ ಕಂಡೆ. ಈಗಲಾದರೂ ಮೂರನೆಯದನ್ನು ಕಟ್ಟುವೆಯಾ ತಾಯಿ ಎಂದೆ. ಆಕೆ ಕ್ಯಾನಿನ ಮುಚ್ಚಳವನ್ನು ಒತ್ತಿ ಹಾಕುತ್ತ, "ಹಿಂಡಿ ಮೂಟೆನೂ ಏರದೆ ಸಾರ್. ಈ ಮಳೆಗಾಲ ಹೋಗ್ಲಿ, ಅವಾಗ್ಲೂ ಇದೇ ರೇಟು ಕೊಟ್ರೆ ತತ್ತೀನಿ" ಎಂದಳು. ಹಿಂದೆ ಸಾಲಿನಲ್ಲಿದ್ದವರು ಬೇಗ ಬೇಗ ಎಂದು ಕೂಗಿದರು. ಹಾಲು ಪರೀಕ್ಷಕ ಆಕೆಯ ನಂಬರನ್ನು ಕರೆದ.